ನಂದಿ ತಪ್ಪಲಿನ ಪೇಂಟ್‌ಬಾಲ್ ಮಾರ್ಕರ್‌ಗಳು: ಬೆಳಗ್ಗೆ ಪ್ರೆಷರ್ ಸಾಲಲ್ಲ, ಮಧ್ಯಾಹ್ನ ಮಿತಿ ಮೀರುತ್ತೆ. ಎಲ್ಲಿಂದ ಶುರು ಮಾಡೋದು?

ನಂದಿತಪ್ಪಲು:
ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಕಡೆ, ನಂದಿ ಬೆಟ್ಟದ ತಪ್ಪಲಲ್ಲಿರೋ ಮೈದಾನ. ಬಾಡಿಗೆಗೆ ಕೊಡೋ ಮಾರ್ಕರ್ (ಬಣ್ಣದ ಬಾಲ್ ಹೊಡೆಯೋ ಗನ್) 12 ಇವೆ. ಎಲ್ಲವೂ ಟಿಪ್‌ಮನ್ 98 ಕಸ್ಟಮ್, 0.68 ಕ್ಯಾಲಿಬರ್. 20 ಔನ್ಸಿನ ಸಿಒ2 ಬಾಟಲಿ ನೇರವಾಗಿ ಹಿಂದಕ್ಕೆ ಸಿಕ್ಕಿಸಿದ್ದೀವಿ, ಮಧ್ಯೆ ಒತ್ತಡ ಹತೋಟಿಯಲ್ಲಿಡೋ ರೆಗ್ಯುಲೇಟರ್ ಇಲ್ಲ.

ತೊಂದರೆ ಹೀಗಿದೆ. ಚಳಿಗಾಲದ ಬೆಳಗ್ಗೆ 7ಕ್ಕೆ, ಉಷ್ಣಾಂಶ 12 ಡಿಗ್ರಿ ಇರುವಾಗ, ಕ್ರೋನೋದಲ್ಲಿ (ಬಾಲಿನ ವೇಗ ಅಳೆಯೋ ಯಂತ್ರ) 235ರಿಂದ 245 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ) ಬರುತ್ತೆ. ಅದೇ ಮಾರ್ಕರ್ ಮಧ್ಯಾಹ್ನ 1 ಗಂಟೆಗೆ 300 ದಾಟಿ 315ರವರೆಗೂ ಹೋಗುತ್ತೆ. ನಮ್ಮ ಮಿತಿ 280. ಹುಡುಗರು ಬೆಳಗ್ಗೆ ವೇಗದ ಸ್ಕ್ರೂ ಸಡಿಲ ಮಾಡ್ತಾರೆ, ಮಧ್ಯಾಹ್ನ ಬಿಗಿ ಮಾಡ್ತಾರೆ.

ಇದಲ್ಲದೆ 2 ಮತ್ತು 7ನೇ ಮಾರ್ಕರ್ ಒಂದು ಸಲ ಟ್ರಿಗರ್ ಒತ್ತಿದ್ರೆ ತಾವೇ ನಾಲ್ಕೈದು ಸಲ ಹೊಡೆದುಬಿಡ್ತವೆ. 4ನೇದರಲ್ಲಿ ಬ್ಯಾರೆಲ್ ಕಡೆಯಿಂದ ಸದಾ ಸುಯ್ ಅಂತ ಗ್ಯಾಸ್ ಬರುತ್ತೆ. 9ನೇದು ಮೊದಲ ಮೂರು ಹೊಡೆತ ಚೆನ್ನಾಗಿ ಹೊಡೆದು ಆಮೇಲೆ ಬಾಲ್ ಹತ್ತಡಿ ದೂರಕ್ಕೇ ಬೀಳುತ್ತೆ, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸರಿ. ಯಾವುದನ್ನ ಮೊದಲು ನೋಡಬೇಕು, ಯಾವ ಕ್ರಮದಲ್ಲಿ ಹೋಗಬೇಕು ಅಂತ ತಿಳಿದವರು ಹೇಳಿ.

ಕೋಲಾರ_ವಾಲ್ವ್:
ಸರ್, ವೇಗದ ಸ್ಕ್ರೂ ಮುಟ್ಟೋದನ್ನ ಇವತ್ತಿಂದಲೇ ನಿಲ್ಲಿಸಿ. ನೀವು ಬರೆದಿರೋದರಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆ ಇವೆ. ಆ ಸ್ಕ್ರೂ ನಾಲ್ಕನ್ನೂ ಮುಚ್ಚಿಡುತ್ತೆ, ಒಂದನ್ನೂ ವಾಸಿ ಮಾಡಲ್ಲ. ಕ್ರಮ ಕೇಳಿದ್ರಿ: ಮೊದಲು ಬಾಟಲಿ, ಆಮೇಲೆ ಬಾಟಲಿ ಕೂರೋ ಜಾಗ, ಆಮೇಲೆ ವಾಲ್ವ್, ಆಮೇಲೆ ಬೋಲ್ಟ್ (ಒಳಗೆ ಹಿಂದೆ ಮುಂದೆ ಓಡೋ ಭಾಗ). ಸ್ಕ್ರೂ ಎಲ್ಲಕ್ಕಿಂತ ಕೊನೆಗೆ.

ಬೆಳಗ್ಗೆ ಮಧ್ಯಾಹ್ನದ ವ್ಯತ್ಯಾಸ ಮಾರ್ಕರ್‌ನ ದೋಷವೇ ಅಲ್ಲ. ಬಾಟಲಿಯೊಳಗೆ ಸಿಒ2 ದ್ರವವಾಗಿ ಕೂತಿರುತ್ತೆ. ದ್ರವ ಸ್ವಲ್ಪವಾದ್ರೂ ಉಳಿದಿರೋವರೆಗೆ ಒತ್ತಡವನ್ನ ನಿರ್ಧರಿಸೋದು ಅದರ ಉಷ್ಣಾಂಶ, ಪ್ರಮಾಣ ಅಲ್ಲ. 10 ಡಿಗ್ರಿಯಲ್ಲಿ ಸುಮಾರು 650 ಪಿಎಸ್‌ಐ (ಒತ್ತಡದ ಅಳತೆ), 15ರಲ್ಲಿ 740, 20ರಲ್ಲಿ 830, 25ರಲ್ಲಿ 930, 30ರಲ್ಲಿ 1,045. ನಿಮ್ಮ ಬೆಳಗಿನ 12 ಡಿಗ್ರಿಗೆ ಸಿಗ್ತಿರೋದು 690ರ ಆಸುಪಾಸು. ಮಧ್ಯಾಹ್ನ ಬಿಸಿಲಲ್ಲಿ ಬಾಟಲಿ 30ಕ್ಕೆ ಬಂದ್ರೆ ಸಾವಿರ ದಾಟಿತು. ರೆಗ್ಯುಲೇಟರ್ ಇಲ್ಲ ಅಂದ್ಮೇಲೆ ಆ ವ್ಯತ್ಯಾಸ ನೇರವಾಗಿ ಬಾಲಿನ ವೇಗದಲ್ಲಿ ಕಾಣಲೇಬೇಕು.

ಇದರ ಮೇಲೆ ಇನ್ನೊಂದು. ಹೊಡೆದಾಗ ದ್ರವ ಆವಿಯಾಗುತ್ತೆ, ಆವಿಯಾಗೋಕೆ ಬೇಕಾದ ಶಾಖವನ್ನ ಬಾಟಲಿಯಿಂದಲೇ ಎಳ್ಕೊಳ್ಳುತ್ತೆ. ಮದುವೆ ಮನೆಯಲ್ಲಿ ದೊಡ್ಡ ಒಲೆಗೆ ಹಚ್ಚಿದ ಸಿಲಿಂಡರ್ ಹೊರಮೈ ಬೆವರಿ ಹಿಮ ಕಟ್ಟಲ್ವಾ, ಅದೇ ಕೆಲಸ ಇಲ್ಲೂ. ಒಂದೇ ಸಮನೆ ಮೂವತ್ತು ನಲವತ್ತು ಹೊಡೆದ್ರೆ ಹೊರಗೆ 25 ಡಿಗ್ರಿ ಇದ್ರೂ ಬಾಟಲಿಯೊಳಗೆ 15ಕ್ಕೆ ಇಳಿಯಬಹುದು. ಆಗ ವೇಗವೂ ಇಳಿಯುತ್ತೆ.

ಮಾಡಬೇಕಾದ್ದು: ಬಾಟಲಿಗಳನ್ನ ರಾತ್ರಿ ತಗಡಿನ ಶೆಡ್ಡಲ್ಲಿ ಬಿಡಬೇಡಿ, ಗಾಳಿಯಾಡೋ ಕೋಣೆಯೊಳಗೆ ಇಡಿ. ಬೆಳಗಿನ ಆಟಕ್ಕೆ ಬಟ್ಟೆಯ ಕವರ್ ಹಾಕಿ. ಮಧ್ಯಾಹ್ನ ಕಾಯೋ ಬಾಟಲಿಗಳು ನೆರಳಲ್ಲಿ, ಮೇಲೊಂದು ಒದ್ದೆ ಗೋಣಿಚೀಲ. ಚಳಿ ಅಂತ ಬಿಸಿನೀರಲ್ಲಿ ಅದ್ದೋದು, ಹೀಟರ್ ಮುಂದೆ ಇಡೋದು ಬೇಡವೇ ಬೇಡ. ಸ್ಕ್ರೂವನ್ನ ದಿನದ ಅತಿ ಬಿಸಿ ಹೊತ್ತಲ್ಲಿ, ನೆರಳಲ್ಲಿದ್ದ ಬಾಟಲಿ ಹಾಕಿ, 275ಕ್ಕೆ ಹೊಂದಿಸಿ ಹಾಗೇ ಬಿಡಿ. ಬೆಳಗ್ಗೆ ಸ್ವಲ್ಪ ಕಮ್ಮಿ ಹೊಡೆದ್ರೆ ಹೊಡೀಲಿ. ಬೆಳಗ್ಗೆ 280ಕ್ಕೆ ಹೊಂದಿಸಿದ ಮಾರ್ಕರ್ ಮಧ್ಯಾಹ್ನ ಯಾರದ್ದೋ ಮುಖದ ಮೇಲೆ 320 ಹೊಡೆಯುತ್ತೆ.

ಗೌರಿಬಿದನೂರು_ಮೇಷ್ಟ್ರು:
ಮೇಲಿನವರ ಮಾತಿಗೆ ಲೆಕ್ಕ ಸೇರಿಸುತ್ತೇನೆ. ಬಾಲು ಸುಮಾರು 3 ಗ್ರಾಂ. 280 ಎಫ್‌ಪಿಎಸ್ ಅಂದರೆ ಸೆಕೆಂಡಿಗೆ 85 ಮೀಟರ್. ಶಕ್ತಿ ಸುಮಾರು 11 ಜೂಲ್. 315 ಅಂದರೆ 96 ಮೀಟರ್. ಶಕ್ತಿ ಸುಮಾರು 14 ಜೂಲ್. ವೇಗ ಎಂಟನೇ ಒಂದು ಭಾಗ ಏರಿದರೆ ಪೆಟ್ಟು ಕಾಲು ಭಾಗಕ್ಕಿಂತ ಹೆಚ್ಚು ಏರುತ್ತದೆ. ಹೊರಾಂಗಣ ಪೇಂಟ್‌ಬಾಲ್‌ನಲ್ಲಿ 300 ಎಫ್‌ಪಿಎಸ್ ಮೇಲಿನ ಗಡಿ ಎಂದು ಎಲ್ಲೆಡೆ ಒಪ್ಪಿರುವುದು, ಮಾಸ್ಕ್‌ನ ಗಾಜನ್ನು ಆ ವೇಗಕ್ಕೆ ತಕ್ಕಂತೆ ಮಾಡಿರುತ್ತಾರೆ ಎಂಬ ಕಾರಣಕ್ಕೆ. ಬಾಡಿಗೆ ಮೈದಾನಕ್ಕೆ 280 ಕೂಡ ಮೇಲ್ಮಿತಿಯೇ. ಹತ್ತಿರದಿಂದ ಆಡುವ ಜಾಗವಾದರೆ 250–260 ಸಾಕು.

ಇನ್ನೊಂದು ಸಂಖ್ಯೆ ಗೋಡೆಯ ಮೇಲೆ ಬರೆದಿಡಿ: 31 ಡಿಗ್ರಿ. ಅದಕ್ಕಿಂತ ಮೇಲೆ ಸಿಒ2 ಬಾಟಲಿಯೊಳಗೆ ದ್ರವ, ಆವಿ ಎಂಬ ಭೇದವೇ ಉಳಿಯುವುದಿಲ್ಲ. ಆಮೇಲೆ ಒತ್ತಡ ಎಷ್ಟು ಎಂಬುದನ್ನು ಎಷ್ಟು ತೂಕ ತುಂಬಿದ್ದೀರಿ ಎನ್ನುವುದೂ ಸೇರಿ ನಿರ್ಧರಿಸುತ್ತದೆ. ಆದ್ದರಿಂದಲೇ ಕೇಳುತ್ತೇನೆ: ತುಂಬಿಸುವಾಗ ತೂಕ ಹಾಕುತ್ತೀರಾ?

ನಂದಿತಪ್ಪಲು:
ಮೇಷ್ಟ್ರೇ, ತುಂಬಿಸೋದು ಹೊರಗಡೆ. ಅವರು ಕೈಯಲ್ಲಿ ಎತ್ತಿ ನೋಡಿ "ಫುಲ್" ಅಂತ ಕೊಡ್ತಾರೆ.

ಗೌರಿಬಿದನೂರು_ಮೇಷ್ಟ್ರು:
ಹಾಗಾದರೆ ನೀವೇ ತೂಗಿ. 20 ಔನ್ಸ್ ಎಂದರೆ 567 ಗ್ರಾಂ ಸಿಒ2. ಪೂರ್ತಿ ಖಾಲಿಯಾದ ಬಾಟಲಿಯನ್ನು ವಾಲ್ವ್ ಸಮೇತ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಆ ಸಂಖ್ಯೆಯನ್ನು ಬಾಟಲಿಗೆ ಚೀಟಿ ಅಂಟಿಸಿ ಬರೆಯಿರಿ. ತುಂಬಿ ಬಂದಾಗ ಅದಕ್ಕಿಂತ 567 ಗ್ರಾಂಗಿಂತ ಒಂದು ಗ್ರಾಂ ಕೂಡ ಹೆಚ್ಚಿರಬಾರದು. 540–550 ಇದ್ದರೆ ನೆಮ್ಮದಿ.

ಈ ಮಿತಿ ಸುಮ್ಮನೆ ಇಟ್ಟದ್ದಲ್ಲ. ಬಾಟಲಿ ಹಿಡಿಸುವ ನೀರಿನ ತೂಕದ ಸುಮಾರು 68 ಶೇಕಡಾದಷ್ಟೇ ಸಿಒ2 ತುಂಬಬೇಕು ಎಂಬ ಲೆಕ್ಕ ಇದರ ಹಿಂದಿದೆ. ಅಷ್ಟು ತುಂಬಿದ್ದರೂ 27 ಡಿಗ್ರಿ ಹೊತ್ತಿಗೆ ದ್ರವ ಉಬ್ಬಿ ಬಾಟಲಿಯನ್ನು ಹೆಚ್ಚುಕಡಿಮೆ ತುಂಬಿಬಿಡುತ್ತದೆ. ಅಲ್ಲಿಂದ ಮುಂದೆ ಪ್ರತಿ ಡಿಗ್ರಿಗೂ ಒತ್ತಡ ಜಿಗಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ 54 ಡಿಗ್ರಿ ತಲುಪಿದರೆ, ಸರಿಯಾಗಿ ತುಂಬಿದ ಬಾಟಲಿಯಲ್ಲೇ 2,000 ಪಿಎಸ್‌ಐ ದಾಟುತ್ತದೆ. ಹೆಚ್ಚು ತುಂಬಿದ್ದರೆ ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿ ಮೀರಿದಾಗ ಗ್ಯಾಸ್ ಹೊರಬಿಡುವ ತೆಳು ಬಿಲ್ಲೆ) ಹರಿಯುತ್ತದೆ. ಹರಿಯುವುದು ಅದರ ಕೆಲಸ. ಹರಿದ ಡಿಸ್ಕಿನ ಜಾಗಕ್ಕೆ ಅದೇ ರೇಟಿಂಗಿನ ಹೊಸ ಡಿಸ್ಕ್ ಬೀಳಬೇಕು. ಎರಡು ಡಿಸ್ಕ್ ಜೋಡಿಸಿ ಹಾಕುವುದು, ತಾಮ್ರದ ಚೂರು ಕತ್ತರಿಸಿ ಹಾಕುವುದು ಬಾಟಲಿಯನ್ನೇ ಒಡೆಯುವ ಕೆಲಸ.

ತುಂಬುವವರ ಬಳಿ ಪರವಾನಗಿ ಇದೆಯೇ ನೋಡಿ. ಗ್ಯಾಸ್ ಸಿಲಿಂಡರ್ ನಿಯಮಗಳು, 2016ರ ಪ್ರಕಾರ 500 ಮಿಲಿಗಿಂತ ಹೆಚ್ಚು ನೀರು ಹಿಡಿಯುವ ಪಾತ್ರೆ ಸಿಲಿಂಡರ್ ಎಂದೇ ಲೆಕ್ಕ. ನಿಮ್ಮ 20 ಔನ್ಸಿನದು 830 ಮಿಲಿಯ ಆಸುಪಾಸು ಹಿಡಿಯುತ್ತದೆ. ಅದನ್ನು ತುಂಬಲು ಪೆಸೋ (ಸ್ಫೋಟಕ, ಗ್ಯಾಸ್ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಪರವಾನಗಿ ಬೇಕು. ಬಾಟಲಿಯ ಭುಜದ ಮೇಲೆ ಕೊರೆದಿರುವ ಪರೀಕ್ಷೆಯ ದಿನಾಂಕವನ್ನೂ ಓದಿ. 5 ವರ್ಷ ದಾಟಿದ್ದರೆ ಹೈಡ್ರೋ ಪರೀಕ್ಷೆ (ನೀರಿನ ಒತ್ತಡದ ಪರೀಕ್ಷೆ) ಆಗುವವರೆಗೆ ಪಕ್ಕಕ್ಕಿಡಿ.

ಅಂತರಸನಹಳ್ಳಿ_ಲೇತ್:
ತುಮಕೂರಿಂದ. ಬಾಟಲಿ ವಿಷಯ ಆಯ್ತು, ಈಗ ಲೀಕ್‌ಗೆ ಬರೋಣ.

4ನೇ ಮಾರ್ಕರ್. ಬಿಚ್ಚೋ ಮುಂಚೆ ಒಂದು ಪ್ರಶ್ನೆ: ಬಾಟಲಿ ತಿರುಗಿಸಿ ಹಾಕುವಾಗ ಮಾರ್ಕರ್ ಕಾಕ್ ಆಗಿತ್ತಾ, ಅಂದ್ರೆ ಹಿಡಿ ಎಳೆದು ಹೊಡೆಯೋಕೆ ಸಿದ್ಧ ಆಗಿತ್ತಾ? 98ರಲ್ಲಿ ಕಾಕ್ ಮಾಡದೆ ಬಾಟಲಿ ಹಾಕಿದ್ರೆ ಹಿಂದಿನ ಬೋಲ್ಟು ಸ್ಪ್ರಿಂಗ್ ಒತ್ತಡಕ್ಕೆ ವಾಲ್ವ್ ಪಿನ್ ಮೇಲೆ ಒರಗಿರುತ್ತೆ. ವಾಲ್ವ್ ಪೂರ್ತಿ ಮುಚ್ಚಲ್ಲ, ಗ್ಯಾಸೆಲ್ಲ ಬ್ಯಾರೆಲ್ ಕಡೆ ಹೋಗುತ್ತೆ. ಬಾಡಿಗೆ ಮೈದಾನಗಳಲ್ಲಿ "ಲೀಕ್" ಅಂತ ಪಕ್ಕಕ್ಕೆ ಬೀಳೋ ಮಾರ್ಕರ್‌ಗಳಲ್ಲಿ ಎಷ್ಟೋ ಇದೇ. ಬ್ಯಾರೆಲ್ ಕವರ್ ಹಾಕಿ, ಹಿಡಿ ಹಿಂದಕ್ಕೆಳೆದು ಕಾಕ್ ಮಾಡಿ, ಸೇಫ್ಟಿ ಹಾಕಿ, ಆಮೇಲೆ ಬಾಟಲಿ.

ಕಾಕ್ ಆಗಿದ್ದೂ ಬ್ಯಾರೆಲ್ಲಿಂದ ಬಂದ್ರೆ ಅದು ಕಪ್ ಸೀಲ್ (ವಾಲ್ವ್ ಮುಚ್ಚೋ ಸೀಲು). ಬಾಲಿಲ್ಲದೆ ಹತ್ತು ಹನ್ನೆರಡು ಖಾಲಿ ಹೊಡೆತ ಹೊಡೆಯಿರಿ. ಸೀಲ್ ಮೇಲೆ ಧೂಳಿನ ಕಣ ಕೂತಿದ್ರೆ ಹಾರಿಹೋಗಿ ನಿಂತುಬಿಡುತ್ತೆ. ನಿಲ್ಲದಿದ್ರೆ ಬಿಚ್ಚಬೇಕು. ನಮ್ಮ ಕಡೆ ಕೆಂಪು ಮಣ್ಣು, ನಿಮ್ಮ ಕಡೆ ಕ್ರಷರ್‌ನ ಕಲ್ಲುಪುಡಿ. ಕಲ್ಲುಪುಡಿ ಚೂಪಾಗಿರುತ್ತೆ, ಕಪ್ ಸೀಲಿನ ಮೈ ಮೇಲೆ ಗೀರು ಹಾಕುತ್ತೆ. ಸೀಲನ್ನ ಬೆಳಕಿಗೆ ಓರೆ ಹಿಡಿದು ನೋಡಿ. ವಾಲ್ವ್ ಸೀಟ್ ಒತ್ತಿದ ಉಂಗುರದ ಗುರುತು ಸುತ್ತಲೂ ಒಂದೇ ಸಮ ಇರಬೇಕು. ಗುರುತನ್ನ ಅಡ್ಡಕ್ಕೆ ಕತ್ತರಿಸೋ ಗೀರು ಇದ್ರೆ ಹೊಸದು ಹಾಕಿ. ಅದನ್ನ ಮರಳು ಕಾಗದದಲ್ಲಿ ಉಜ್ಜಿ ಸರಿ ಮಾಡೋಕೆ ಹೋಗಬೇಡಿ. ಹಿತ್ತಾಳೆ ಸೀಟಿಗೆ ಸ್ಕ್ರೂಡ್ರೈವರ್ ತಾಗಿಸಲೇಬೇಡಿ. ಸೀಟ್‌ಗೆ ಗೀರಾದ್ರೆ ಎಷ್ಟು ಹೊಸ ಸೀಲ್ ಹಾಕಿದ್ರೂ ನಿಲ್ಲಲ್ಲ.

ಉಳಿದ ಮಾರ್ಕರ್‌ಗೂ ಸೋಪು ನೀರಿನ ಪರೀಕ್ಷೆ ಮಾಡಿ. ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ ಒಂದು ಲೋಟ ನೀರಿಗೆ, ಬ್ರಷ್ಷಲ್ಲಿ ಹಚ್ಚಿ. ಬಾಟಲಿ ಮತ್ತು ಎಎಸ್‌ಎ (ಬಾಟಲಿ ತಿರುಗಿಸಿ ಕೂರಿಸೋ ಅಡಾಪ್ಟರ್) ಸೇರೋ ಜಾಗದಲ್ಲಿ ಗುಳ್ಳೆ ಬಂದ್ರೆ ಬಾಟಲಿಯ ಓ-ರಿಂಗು. ಎಎಸ್‌ಎಯಿಂದ ವಾಲ್ವ್‌ಗೆ ಹೋಗೋ ಪೈಪಿನ ತುದಿಯಲ್ಲಿ ಬಂದ್ರೆ ಫಿಟಿಂಗಿನ ಮರೆ (ಥ್ರೆಡ್) ಸಡಿಲ. ಟ್ರಿಗರ್ ಮೇಲಿನ ಸಂದಿಯಿಂದ, ಬಾಡಿ ಸೀಳಿಂದ ಬಂದ್ರೆ ವಾಲ್ವಿನ ಹೊರ ಓ-ರಿಂಗುಗಳು. ಬರ್ಸ್ಟ್ ಡಿಸ್ಕಿನ ತೂತಲ್ಲಿ ಗುಳ್ಳೆ ಕಂಡ್ರೆ ಆ ಬಾಟಲಿಗೆ ಸ್ಪ್ಯಾನರ್ ಹಾಕಬೇಡಿ, ಬಯಲಲ್ಲಿ ನಿಧಾನಕ್ಕೆ ಖಾಲಿ ಮಾಡಿ ಪರವಾನಗಿ ಇರೋರ ಹತ್ರ ಕೊಡಿ.

ಗುಬ್ಬಿ_ನ್ಯೂಮ್ಯಾಟಿಕ್:
ಬಾಟಲಿ ಓ-ರಿಂಗ್ ಅಳತೆ ಬರ್ಕೊಳ್ಳಿ: ಒಳವ್ಯಾಸ 14 ಮಿಮೀ, ದಪ್ಪ 1.78 ಮಿಮೀ, ಸ್ಟಾಂಡರ್ಡ್ ನಂಬರ್ 015. ಅಂಗಡಿಯಲ್ಲಿ "ಪಿಯು, 90 ಶೋರ್" (ಪಾಲಿಯುರೆಥೇನ್, ಗಡಸುತನ 90) ಅಂತ ಹೇಳಿ ಕೇಳಬೇಕು. ಬರೀ "ಓ-ರಿಂಗ್ ಕೊಡಿ" ಅಂದ್ರೆ ಕಪ್ಪು ನೈಟ್ರೈಲ್ ಕೊಡ್ತಾರೆ. ನೈಟ್ರೈಲ್ ಸಿಒ2ವನ್ನ ಹೀರ್ಕೊಂಡು ಉಬ್ಬುತ್ತೆ, ಬಾಟಲಿ ಬಿಚ್ಚಿದ ಕೂಡಲೇ ಒಳಗಿನ ಗ್ಯಾಸ್ ಹಿಗ್ಗಿ ರಬ್ಬರಿನ ಮೈಯಲ್ಲಿ ಗುಳ್ಳೆ, ಬಿರುಕು ಬೀಳುತ್ತೆ. ಒಮ್ಮೆ ತೆಗೆದ ಬಾಟಲಿಯನ್ನ ಮತ್ತೆ ಹಾಕುವಾಗ ರಿಂಗ್ ಅಂಚಿಂದ ಹೊರಗೆ ಇಣುಕ್ತಾ ಇದ್ರೆ ಅದು ನೈಟ್ರೈಲ್ ಅಂತಲೇ ತಿಳ್ಕೊಳ್ಳಿ.

ಇದರಿಂದ ಇನ್ನೊಂದು ತಪ್ಪೂ ಆಗುತ್ತೆ. ಉಬ್ಬಿದ ಹಳೇ ರಿಂಗನ್ನ ಸ್ಯಾಂಪಲ್ ಅಂತ ಅಂಗಡಿಗೆ ಒಯ್ದರೆ ಅವರು ವರ್ನಿಯರ್ ಹಾಕಿ ಒಂದು ಸೈಜ್ ದೊಡ್ಡದು ಕೊಡ್ತಾರೆ. ರಿಂಗ್ ಅಳೆಯಬೇಡಿ, ಅದು ಕೂರೋ ಕಾಲುವೆ ಅಳೆಯಿರಿ. ಇಲ್ಲಾ ಹಳೇ ರಿಂಗನ್ನ ಒಂದು ದಿನ ಹೊರಗಿಡಿ, ಹೀರಿದ ಗ್ಯಾಸ್ ಹೋಗಿ ಬಹುಪಾಲು ಮೊದಲಿನ ಗಾತ್ರಕ್ಕೆ ಬರುತ್ತೆ.

ತುಮಕೂರಲ್ಲಿ ಹೈಡ್ರಾಲಿಕ್ ಸೀಲ್ ಮಾರೋರ ಹತ್ರ ಪಿಯು ಸಿಗದಿದ್ರೆ ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ನೂರರ ಪ್ಯಾಕೆಟ್ಟೇ ತಂದಿಟ್ಕೊಳ್ಳಿ. ಬಾಡಿಗೆ ಮೈದಾನಕ್ಕೆ ಅದು ಉಪ್ಪು ಇದ್ದ ಹಾಗೆ ದಿನಾ ಖರ್ಚಾಗೋ ವಸ್ತು.

ಮಾಲೂರು_ಆಟಗಾರ:
ಬಾಟಲಿ ಮರೆಗೆ ಟೆಫ್ಲಾನ್ ಟೇಪ್ ಸುತ್ತಿದ್ರೆ ಲೀಕ್ ನಿಲ್ಲಲ್ವಾ? ಕೊಳಾಯಿ ಕೆಲಸದಲ್ಲಿ ನಿಲ್ಲುತ್ತಲ್ಲ.

ಅಂತರಸನಹಳ್ಳಿ_ಲೇತ್:
ನಿಲ್ಲಲ್ಲ ತಮ್ಮಾ. ಕೊಳಾಯಿ ಮರೆ ತುದಿಗೆ ಸಣ್ಣಗಾಗುತ್ತಾ ಹೋಗುತ್ತೆ, ಅದಕ್ಕೇ ಟೇಪ್ ಒತ್ತಿಕೊಂಡು ಸೀಲ್ ಆಗುತ್ತೆ. ಬಾಟಲಿಯ ಮರೆ ನೆಟ್ಟಗಿರುತ್ತೆ. ಅದು ಹಿಡ್ಕೊಳ್ಳೋಕೆ ಮಾತ್ರ, ಸೀಲ್ ಮಾಡೋದು ಮುಖದ ಮೇಲಿರೋ ಓ-ರಿಂಗು ಒಂದೇ. ಟೇಪಿನ ಚೂರು ಕಿತ್ತು ಒಳಗೆ ಹೋಗಿ ಕಪ್ ಸೀಲ್ ಕೆಳಗೆ ಕೂತ್ರೆ ಒಂದು ಲೀಕ್ ಎರಡಾಗುತ್ತೆ. ಗ್ಯಾಸ್ ಪೈಪಿನ ಸಣ್ಣ ಫಿಟಿಂಗ್‌ಗಳು ಸಣ್ಣಗಾಗೋ ಮರೆಯವು, ಅಲ್ಲಿ ಸೀಲೆಂಟ್ ಬೇಕು. ಅಲ್ಲೂ ಟೇಪಿಗಿಂತ ದ್ರವದ ಥ್ರೆಡ್ ಸೀಲೆಂಟ್ ಒಳ್ಳೇದು. ಮೊದಲ ಎರಡು ಎಳೆ ಬಿಟ್ಟು ಹಚ್ಚಿ, ಒಂದು ರಾತ್ರಿ ಒಣಗೋಕೆ ಬಿಡಿ.

ನಂದಿತಪ್ಪಲು:
4ನೇದನ್ನ ಕಾಕ್ ಮಾಡಿ ಹಾಕಿದ್ವಿ, ಆದ್ರೂ ಸಣ್ಣಗೆ ಬರ್ತಿತ್ತು. ಖಾಲಿ ಹೊಡೆದ ಮೇಲೂ ನಿಲ್ಲಲಿಲ್ಲ. ಬಿಚ್ಚಿ ನೋಡಿದ್ರೆ ಸೀಲ್ ಮೇಲೆ ಅಡ್ಡ ಗೀರು ಇದೆ. ಹೊಸದಕ್ಕೆ ಆರ್ಡರ್ ಹಾಕಿದ್ದೀವಿ. ಈಗ 2 ಮತ್ತು 7, ತಾವೇ ಹೊಡೆಯೋವು?

ಕೋಲಾರ_ವಾಲ್ವ್:
ಅದೂ ಪ್ರೆಷರ್ ಕಾಯಿಲೆಯೇ, ಆದ್ರೆ ಕಾಣೋಕೆ ಟ್ರಿಗರ್ ಕಾಯಿಲೆ ಥರ ಕಾಣುತ್ತೆ. ಬ್ಲೋಬ್ಯಾಕ್ ಮಾರ್ಕರ್ ಕೆಲಸ ಮಾಡೋ ರೀತಿ ನೋಡಿ. ಟ್ರಿಗರ್ ಒತ್ತಿದಾಗ ಸಿಯರ್ (ಬೋಲ್ಟನ್ನ ಹಿಂದೆ ಹಿಡಿದಿಡೋ ಕೊಕ್ಕೆ) ಬಿಡುತ್ತೆ, ಹಿಂದಿನ ಬೋಲ್ಟು ಸ್ಪ್ರಿಂಗಿನ ಬಲಕ್ಕೆ ಮುಂದೆ ಓಡಿ ವಾಲ್ವ್ ಪಿನ್ನಿಗೆ ಗುದ್ದುತ್ತೆ. ಹೊರಬಂದ ಗ್ಯಾಸಿನ ಒಂದು ಪಾಲು ಬಾಲನ್ನ ತಳ್ಳುತ್ತೆ, ಇನ್ನೊಂದು ಪಾಲು ಅದೇ ಬೋಲ್ಟನ್ನ ಹಿಂದಕ್ಕೆ ಎಸೆಯುತ್ತೆ. ಎಸೆದ ಬೋಲ್ಟು ಸಿಯರ್ ದಾಟಿ ಹಿಂದೆ ಹೋದ್ರೆ ಸಿಯರ್ ಹಿಡಿಯುತ್ತೆ. ಗ್ಯಾಸ್ ಸಾಲದಿದ್ರೆ ಬೋಲ್ಟು ಅರ್ಧ ದಾರಿಗೆ ಹೋಗಿ, ಸಿಯರ್ ಹಿಡಿಯೋ ಮುಂಚೆ ವಾಪಸ್ ಬಂದು ಮತ್ತೆ ವಾಲ್ವಿಗೆ ಗುದ್ದುತ್ತೆ. ಮತ್ತೆ, ಮತ್ತೆ. ಬಾಟಲಿ ಖಾಲಿ ಆಗ್ತಾ ಬಂದಾಗ ಒಳ್ಳೇ ಮಾರ್ಕರ್ ಕೂಡ ಹೀಗೆ ಮಾಡೋದು ಇದಕ್ಕೇ.

ಹಾಗಾಗಿ ಮೊದಲು 2 ಮತ್ತು 7ಕ್ಕೆ ತೂಗಿದ, 20–25 ಡಿಗ್ರಿಯಲ್ಲಿದ್ದ ತುಂಬಿದ ಬಾಟಲಿ ಹಾಕಿ ನೋಡಿ. ನಿಂತ್ರೆ ಮಾರ್ಕರ್‌ದು ತಪ್ಪಿಲ್ಲ. ನಿಲ್ಲದಿದ್ರೆ ಹಿಂದಿನ ಬೋಲ್ಟಿನ ಓ-ರಿಂಗು: ಒಣಗಿದ್ರೆ ಜಾರಲ್ಲ, ಸವೆದಿದ್ರೆ ಗ್ಯಾಸ್ ಪಕ್ಕದಿಂದ ನುಸುಳಿಹೋಗುತ್ತೆ, ಎರಡರಲ್ಲೂ ಬೋಲ್ಟು ಪೂರ್ತಿ ಹಿಂದೆ ಹೋಗಲ್ಲ. ಬ್ಯಾಟರಿ ಬೆಳಕು ಬಿಟ್ಟು ಬೋಲ್ಟ್ ಓಡೋ ದಾರಿ ನೋಡಿ, ಒಡೆದ ಬಾಲಿನ ಬಣ್ಣ ಒಣಗಿ ಗೋಂದಾಗಿರುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಇಷ್ಟಾದ ಮೇಲೂ ಉಳಿದ್ರೆ ಸಿಯರ್ ಅಂಚು ದುಂಡಗೆ ಸವೆದಿದೆ ಅಂತ. ಅದನ್ನ ಅರದಲ್ಲಿ ಉಜ್ಜಿ ಚೂಪು ಮಾಡೋಕೆ ಹೋಗಬೇಡಿ. ಮೇಲಿನ ಗಟ್ಟಿ ಪದರ ಹೋಗಿ ಎರಡೇ ವಾರಕ್ಕೆ ಮತ್ತೆ ಸವೆಯುತ್ತೆ, ಅಲ್ಲದೆ ಟ್ರಿಗರ್ ಅಪಾಯ ಆಗೋಷ್ಟು ಹಗುರ ಆಗುತ್ತೆ. ಹೊಸದು ಹಾಕಿ.

ಹುಡುಗರು ಬೆಳಗ್ಗೆ ಸ್ಕ್ರೂ ಆಡಿಸ್ತಾರೆ ಅಂದ್ರಲ್ಲ, ಅದನ್ನೂ ಹೇಳಿಬಿಡ್ತೀನಿ. 98ರ ಸ್ಕ್ರೂ ಒಳಗೆ ತಿರುಗಿಸಿದ್ರೆ ಗ್ಯಾಸಿನ ದಾರಿ ಕಿರಿದಾಗಿ ವೇಗ ಇಳಿಯುತ್ತೆ, ಹೊರಗೆ ತಿರುಗಿಸಿದ್ರೆ ಏರುತ್ತೆ. ಬಾಡಿಯ ಮಟ್ಟಕ್ಕಿಂತ ಹೊರಗೆ ಯಾವತ್ತೂ ಬರಬಾರದು. ಒಂದು ಸಲಕ್ಕೆ ಕಾಲು ಸುತ್ತು, ಆಮೇಲೆ ಕ್ರೋನೋ.

ಮಾರ್ಕರ್ ತಾನೇ ಹೊಡೆಯೋಕೆ ಶುರು ಮಾಡಿದ್ರೆ ಏನು ಮಾಡಬೇಕು ಅಂತ ಆಡೋರಿಗೆ ಮೊದಲೇ ಹೇಳಿ: ಬ್ಯಾರೆಲ್ ನೆಲಕ್ಕೆ, ಕಾಕ್ ಮಾಡೋ ಹಿಡಿ ಹಿಂದಕ್ಕೆಳೆದು ಹಿಡಿದು, ಸಿಬ್ಬಂದಿ ಕರೆಯೋದು. ಗಾಬರಿಯಲ್ಲಿ ಮಾಸ್ಕ್ ತೆಗೆಯಬಾರದು.

ಶಿಡ್ಲಘಟ್ಟ_ರೀಲರ್:
ಎಣ್ಣೆ ಯಾವುದು ಹಾಕ್ತೀರಾ ಅಂತ ಯಾರೂ ಕೇಳಲಿಲ್ಲ.

ನಂದಿತಪ್ಪಲು:
ಮೇಡಂ, ಕೊಬ್ಬರಿ ಎಣ್ಣೆ. ಕೈಗೆ ಸಿಗುತ್ತೆ ಅಂತ.

ಶಿಡ್ಲಘಟ್ಟ_ರೀಲರ್:
ಅಲ್ಲೇ ನಿಮ್ಮ ಬೆಳಗಿನ ತೊಂದರೆಯ ಅರ್ಧ ಇದೆ ಅಣ್ಣ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಡಿಸೆಂಬರ್‌ನಲ್ಲಿ ಬಚ್ಚಲುಮನೆ ಸೀಸೆಯಲ್ಲೇ ಬೆಳ್ಳಗೆ ಗಟ್ಟಿಯಾಗಿರುತ್ತೆ. ಇನ್ನು ಹಿಗ್ಗೋ ಸಿಒ2 ಮುಟ್ಟಿ ತಣ್ಣಗಾದ ಬೋಲ್ಟಿನ ಮೇಲೆ ಬೇಸಿಗೆಯಲ್ಲೂ ಗಟ್ಟಿಯಾಗಬಹುದು. ಹಿಂದಿನ ಬೋಲ್ಟು ಅಂಟಿಕೊಂಡು ಓಡಿದ್ರೆ ವಾಲ್ವಿಗೆ ಗುದ್ದೋ ಬಲ ಕಮ್ಮಿ, ವಾಪಸ್ ಹೋಗೋ ದೂರ ಕಮ್ಮಿ. ವೇಗವೂ ಇಳಿಯುತ್ತೆ, ತಾನೇ ಹೊಡೆಯೋದೂ ಶುರುವಾಗುತ್ತೆ. ಸೀಮೆಎಣ್ಣೆ ಮುಟ್ಟಿಸದೆ, ಸೋಪು ನೀರಲ್ಲಿ ತೊಳೆದು ಒರೆಸಿ, ಒಣಗಿಸಿ, ಹಿಂದಿನ ಬೋಲ್ಟಿನ ಓ-ರಿಂಗಿಗೆ ಎರಡು ಮೂರು ಹನಿ ತೆಳು ಹೊಲಿಗೆ ಮಿಷನ್ ಎಣ್ಣೆ ಹಾಕಿ. ಬಾಟಲಿ ಓ-ರಿಂಗಿಗೆ ಸಿಲಿಕೋನ್ ಗ್ರೀಸು, ಬೆರಳ ತುದಿಯಲ್ಲಿ ಹೊಳಪು ಬರುವಷ್ಟು ಮಾತ್ರ. ಡಬ್ಲ್ಯೂಡಿ-40 ಥರದ ಸ್ಪ್ರೇ ಬೇಡ. ಅದರ ದ್ರಾವಕ ಆರಿಹೋದ ಮೇಲೆ ಜಾರೋ ಪದರ ನಿಲ್ಲಲ್ಲ, ಕೆಲವು ರಬ್ಬರಿಗೆ ಹಾನಿಯೂ ಆಗುತ್ತೆ.

ಈಗ ಎಲ್ಲಕ್ಕಿಂತ ಮುಖ್ಯದ್ದು. ಬಾಟಲಿ ಬಿಚ್ಚುವಾಗ ಏನು ತಿರುಗ್ತಿದೆ ಅಂತ ನೋಡ್ತೀರಾ? ಬಾಟಲಿಯೂ ವಾಲ್ವೂ ಒಟ್ಟಿಗೆ ತಿರುಗಬೇಕು. ವಾಲ್ವ್ ಮಾರ್ಕರ್‌ನಲ್ಲೇ ಉಳಿದು ಬಾಟಲಿ ಮಾತ್ರ ತಿರುಗಿದ್ರೆ, ಕೊನೆಯ ಎಳೆ ಬಿಟ್ಟ ಕ್ಷಣ ಬಾಟಲಿ ರಾಕೆಟ್ ಆಗುತ್ತೆ. ಅಮೆರಿಕದಲ್ಲಿ ಇದರಿಂದ ಸಾವುಗಳೇ ಆಗಿವೆ. ಉಗುರುಬಣ್ಣ ತಗೊಂಡು ವಾಲ್ವಿನ ಹಿತ್ತಾಳೆಯಿಂದ ಬಾಟಲಿಯ ಭುಜದವರೆಗೆ ಒಂದು ನೇರ ಗೆರೆ ಎಳೆಯಿರಿ. ಪ್ರತಿ ಸಲ ಬಿಚ್ಚುವಾಗಲೂ ಕಣ್ಣು ಆ ಗೆರೆ ಮೇಲಿರಲಿ. ಗೆರೆ ತುಂಡಾಗಿ ಪಕ್ಕಕ್ಕೆ ಸರಿದ್ರೆ ಅಲ್ಲೇ ನಿಲ್ಲಿಸಿ. ಮುಂದೆ ತಿರುಗಿಸಬೇಡಿ. ಬ್ಯಾರೆಲ್ ಸುರಕ್ಷಿತ ಕಡೆ ಹಿಡಿದು ಖಾಲಿ ಹೊಡೆದು ಬಾಟಲಿ ಬರಿದು ಮಾಡಿ, ಆಮೇಲೆ ತೆಗೀರಿ. 12 ಬಾಟಲಿಗೂ ಇವತ್ತು ಸಂಜೆಯೊಳಗೆ ಈ ಗೆರೆ ಹಾಕಿ, ದಯವಿಟ್ಟು.

ನಂದಿತಪ್ಪಲು:
ಗೆರೆ ಹಾಕಿಸಿದೆ. ಎಣ್ಣೆಯೂ ತೆಗೆಸ್ತಿದ್ದೀನಿ. ತುಂಬಾ ಉಪಕಾರ ಅಕ್ಕ.

ಮಾಲೂರು_ಆಟಗಾರ:
ಆಡೋರ ಕಡೆಯಿಂದ ಒಂದು. ಹೊಡೆಯುವಾಗ ಬ್ಯಾರೆಲ್ ಮೇಲಕ್ಕೆತ್ತಿದ್ರೆ, ಇಲ್ಲಾ ಮರದ ಹಿಂದೆ ಬಾಗಿ ಬಾಟಲಿ ತಲೆಕೆಳಗಾದ್ರೆ ಬಿಳೀ ಹೊಗೆ ಬರುತ್ತೆ. ಅದಕ್ಕೂ ಪ್ರೆಷರಿಗೂ ಸಂಬಂಧ ಇದ್ಯಾ?

ಕೋಲಾರ_ವಾಲ್ವ್:
ತುಂಬಾ ಇದೆ, ಆದ್ರೆ ದಿಕ್ಕು ಸರಿಯಾಗಿ ತಿಳ್ಕೊಳ್ಳಿ. ಬಾಟಲಿಯ ಬಾಯಿ ಕೆಳಗಾದಾಗ ದ್ರವ ಸಿಒ2 ಮಾರ್ಕರ್ ಒಳಗೆ ಇಳಿಯುತ್ತೆ. ಅಂದ್ರೆ ಬ್ಯಾರೆಲ್ ನೆಲದ ಕಡೆ ಬಾಗಿದಾಗ ಅಪಾಯ ಜಾಸ್ತಿ, ಬ್ಯಾರೆಲ್ ಸ್ವಲ್ಪ ಮೇಲಿದ್ರೆ ಕಮ್ಮಿ. ದ್ರವ ವಾಲ್ವಿನಲ್ಲಿ ಒಮ್ಮೆಗೇ ಆವಿಯಾದ್ರೆ ಒಂದು ಹೊಡೆತ 40–50 ಎಫ್‌ಪಿಎಸ್ ಹೆಚ್ಚು ಹೋಗಬಹುದು. ಮುಂದಿನದಕ್ಕೆ ಸೀಲುಗಳೆಲ್ಲ ತಣ್ಣಗಾಗಿ ಗಟ್ಟಿಯಾಗಿರ್ತವೆ, ಲೀಕ್ ಶುರು. ಮೇಲಕ್ಕೆತ್ತಿದಾಗಲೂ ಹೊಗೆ ಬಂದ್ರೆ ಬಾಟಲಿ ಹೆಚ್ಚು ತುಂಬಿದೆ ಅಂತ. ಆಂಟಿ-ಸೈಫನ್ ನಳಿಕೆ ಇರೋ ಬಾಟಲಿ ತಗೊಂಡ್ರೆ ಒಳಗಿನ ನಳಿಕೆಯ ತುದಿ ಆವಿಯ ಕಡೆಗೇ ಇರುತ್ತೆ. ಆದ್ರೆ ಅದನ್ನ ನಿಮ್ಮ ಮಾರ್ಕರ್‌ನಲ್ಲಿ ಬಾಟಲಿ ಕೂರೋ ಭಂಗಿಗೆ ತಕ್ಕ ಹಾಗೆ ಜೋಡಿಸಿರಬೇಕು. ಬೇರೆ ಮಾರ್ಕರ್‌ಗೆ ಹಾಕಿದ್ರೆ ನಳಿಕೆ ನೇರ ದ್ರವದೊಳಗೆ ಮುಳುಗಬಹುದು. ಎಲೆಕ್ಟ್ರಾನಿಕ್ ಮಾರ್ಕರ್‌ಗೆ ಸಿಒ2 ಹಾಕಲೇಬೇಡಿ, ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯೋ ವಾಲ್ವ್) ಹಾಳಾಗುತ್ತೆ.

ಗೌರಿಬಿದನೂರು_ಮೇಷ್ಟ್ರು:
ಅಳತೆಯ ಬಗ್ಗೆ ಎಚ್ಚರ. ಕ್ರೋನೋದಲ್ಲಿ ಒಂದೇ ಹೊಡೆತ ನೋಡಿ ತೀರ್ಮಾನ ಬೇಡ. ಹತ್ತು ಹೊಡೆತ, ಎರಡೆರಡು ಸೆಕೆಂಡ್ ಬಿಟ್ಟು, ಎಲ್ಲ ಬರೆದುಕೊಳ್ಳಿ. ನಿಧಾನವಾಗಿ ಇಳಿಯುತ್ತಾ ಹೋದರೆ ಬಾಟಲಿ ತಣ್ಣಗಾಗುತ್ತಿದೆ. ಒಂದು ಏರು, ಒಂದು ಇಳಿ ಎಂದು ಕ್ರಮವಿಲ್ಲದೆ ಕುಣಿದರೆ ಗ್ಯಾಸನ್ನು ಬಿಟ್ಟು ಬಾಲನ್ನು ನೋಡಿ. ಬಾಲಿನ ಚಿಪ್ಪು ಜೆಲಟಿನ್. ಮಳೆಗಾಲದ ತೇವಕ್ಕೆ ಉಬ್ಬುತ್ತದೆ, ಒಂದೇ ಮಗ್ಗುಲಲ್ಲಿ ಬಹಳ ದಿನ ಇಟ್ಟರೆ ಚಪ್ಪಟೆಯಾಗುತ್ತದೆ. ಬ್ಯಾರೆಲನ್ನು ಮಾರ್ಕರ್‌ನಿಂದ ಕಳಚಿ, ಒಂದು ಬಾಲು ಹಾಕಿ. ಉರುಳಿ ಆಚೆ ಬಿದ್ದರೆ ಬಾಲು ಸಣ್ಣದು, ಗ್ಯಾಸ್ ಸುತ್ತಲಿಂದ ನುಸುಳುತ್ತದೆ. ಒಳಗೆ ನಿಂತು, ಬಾಯಿಂದ ಊದಿದಾಗ ಹೊರಬಂದರೆ ಸರಿ.

ಗುಬ್ಬಿ_ನ್ಯೂಮ್ಯಾಟಿಕ್:
9ನೇದನ್ನ ಎಲ್ಲರೂ ಬಿಟ್ಟುಬಿಟ್ರಿ. ಮೂರು ಹೊಡೆತ ಸರಿ, ಆಮೇಲೆ ಬಲ ಇಲ್ಲ, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸರಿ. ಅಂದ್ರೆ ಒತ್ತಡ ಇದೆ, ಹರಿವು ಇಲ್ಲ. ವಾಲ್ವಿನ ಕೋಣೆ ತುಂಬೋಕೆ ತಡ ಆಗ್ತಿದೆ. ಎಲ್ಲೋ ದಾರಿ ಕಿರಿದಾಗಿದೆ.

ಮೊದಲು ಬೇರೆ ಮಾರ್ಕರ್‌ನ ಬಾಟಲಿ ಇದಕ್ಕೆ, ಇದರದ್ದು ಅದಕ್ಕೆ ಹಾಕಿ ನೋಡಿ. ಕಾಯಿಲೆ ಬಾಟಲಿ ಜೊತೆ ಹೋದ್ರೆ ಬಾಟಲಿಯ ಪಿನ್ ವಾಲ್ವ್ ತಗ್ಗಿದೆ ಅಥವಾ ಬಾಗಿದೆ. ಮಾರ್ಕರ್‌ನಲ್ಲೇ ಉಳಿದ್ರೆ ಎಎಸ್‌ಎ ಒಳಗೆ ಆ ಪಿನ್ ಒತ್ತೋ ಭಾಗ ಸವೆದಿರಬೇಕು. ಪಿನ್ ಪೂರ್ತಿ ಒತ್ತದೆ ಬಾಟಲಿ ಅರ್ಧ ತೆರೆದ ಹಾಗೆ ಇರುತ್ತೆ. ದಪ್ಪ ಓ-ರಿಂಗ್ ಹಾಕಿದ್ರೂ ಹೀಗೇ ಆಗುತ್ತೆ, ಬಾಟಲಿ ಕೊನೆಯ ಕಾಲು ಸುತ್ತು ಒಳಗೆ ಹೋಗಲ್ಲ. ಅದೂ ಸರಿ ಇದ್ರೆ ಗ್ಯಾಸ್ ಪೈಪ್ ಬಿಚ್ಚಿ, ಎರಡೂ ತುದಿಯಿಂದ ಬೆಳಕಿಗೆ ಹಿಡಿದು ನೋಡಿ. ಟೆಫ್ಲಾನ್ ಚೂರು, ಗಟ್ಟಿಯಾದ ಎಣ್ಣೆ, ತುಕ್ಕಿನ ಪುಡಿ ಏನಾದ್ರೂ ಇದ್ದೇ ಇರುತ್ತೆ. ಎಲ್ಲಕ್ಕೂ ಮುಂಚೆ ಬಾಟಲಿ ತೆಗೆದು, ಎರಡು ಸಲ ಖಾಲಿ ಹೊಡೆದು ಉಳಿದ ಗ್ಯಾಸ್ ಬಿಡಬೇಕು.

ನಂದಿತಪ್ಪಲು:
ಬಾಟಲಿ ಬದಲಿಸಿದ್ರೂ 9ರಲ್ಲೇ ಉಳಿಯಿತು. ಪೈಪಿನೊಳಗೆ ಬಿಳೀ ಟೇಪಿನ ಸುರುಳಿ ಸಿಕ್ಕಿತು, ಅರ್ಧ ದಾರಿ ಮುಚ್ಚಿತ್ತು. ತೆಗೆದ ಮೇಲೆ ಹತ್ತು ಹೊಡೆತ 262ರಿಂದ 271ರೊಳಗೆ ಬಂದಿದೆ. ಈಗ ಮಾಲೀಕರು ಕೇಳ್ತಿದ್ದಾರೆ: ಸಿಒ2 ಬಿಟ್ಟು ಎಚ್‌ಪಿಎ (ಹೆಚ್ಚು ಒತ್ತಡದ ಗಾಳಿ) ಬಾಟಲಿಗೆ ಹೋದ್ರೆ ಈ ಬೆಳಗ್ಗೆ ಮಧ್ಯಾಹ್ನದ ಗೋಳು ತಪ್ಪುತ್ತಾ?

ಕೋಲಾರ_ವಾಲ್ವ್:
ತಪ್ಪುತ್ತೆ. ಒತ್ತಿದ ಗಾಳಿಯಲ್ಲಿ ದ್ರವ ಇಲ್ಲ, ಬಾಟಲಿಯ ಮೇಲೆ ರೆಗ್ಯುಲೇಟರ್ ಇರುತ್ತೆ, ಒಳಗೆ 3,000 ಇರಲಿ 1,200 ಇರಲಿ ಹೊರಗೆ ಒಂದೇ ಒತ್ತಡ. 98ಕ್ಕೆ 800–850 ಪಿಎಸ್‌ಐ ಔಟ್‌ಪುಟ್ ಇರೋದನ್ನೇ ತಗೊಳ್ಳಿ. 450ರ ಲೋ-ಪ್ರೆಷರ್ ಬಾಟಲಿ ಹಾಕಿದ್ರೆ 12 ಮಾರ್ಕರ್‌ಗಳೂ ತಾವೇ ಹೊಡೆಯೋಕೆ ಶುರು ಮಾಡ್ತವೆ. 48 ಘನ ಇಂಚಿನ 3,000 ಪಿಎಸ್‌ಐ ಬಾಟಲಿಗೆ ಅಂದಾಜು 480 ಹೊಡೆತ ಅಂತ ಲೆಕ್ಕ ಹಾಕಿ.

ಅಲ್ಲಿನ ಕಾಯಿಲೆ ಬೇರೆ. ಕೆಲವು ನಿಮಿಷ ಸುಮ್ಮನಿದ್ದ ಮಾರ್ಕರ್‌ನ ಮೊದಲ ಹೊಡೆತ ಜಾಸ್ತಿ ಹೋಗಿ ಆಮೇಲೆ ಸರಿಯಾದ್ರೆ ರೆಗ್ಯುಲೇಟರ್ ತೆವಳ್ತಿದೆ. ಎಎಸ್‌ಎಗೆ ಗೇಜ್ ಹಾಕಿ, ಐದಾರು ಹೊಡೆದು, ಒಂದು ನಿಮಿಷ ಮುಳ್ಳು ನೋಡಿ. ನಿಂತಲ್ಲೇ ನಿಲ್ಲಬೇಕು. ಮೆಲ್ಲಗೆ ಏರ್ತಾ ಹೋದ್ರೆ ಒಳಗಿನ ಸೀಟ್ ಗೀರಾಗಿದೆ ಇಲ್ಲಾ ಕಸ ಕೂತಿದೆ. ರೆಗ್ಯುಲೇಟರ್ ಪಕ್ಕದ ಸಣ್ಣ ತೂತಿಂದ ಗಾಳಿ ಬಂದ್ರೆ ಪಿಸ್ಟನ್ ಓ-ರಿಂಗು. ಆ ತೂತನ್ನ ಮುಚ್ಚಬೇಡಿ.

ತುಂಬಿಸುವಾಗ ನಿಧಾನ. ಬೇಗ ತುಂಬಿದ್ರೆ ಬಾಟಲಿ ಬಿಸಿಯಾಗುತ್ತೆ. 50 ಡಿಗ್ರಿಯಲ್ಲಿ 3,000 ತೋರಿಸಿದ್ದು 25ಕ್ಕೆ ಇಳಿದಾಗ 2,770 ಆಗಿರುತ್ತೆ. ಅದನ್ನ ಲೀಕ್ ಅಂದ್ಕೊಂಡು ರೆಗ್ಯುಲೇಟರ್ ಬಿಚ್ಚಬೇಡಿ, ತಣ್ಣಗಾದ ಮೇಲಿನ ಓದನ್ನೇ ನಂಬಿ. 3,000ದ ಅಲ್ಯುಮಿನಿಯಂ ಬಾಟಲಿಗೆ 4,500 ತುಂಬೋ ಮಾತೇ ಇಲ್ಲ. ತುಂಬೋ ನಿಪ್ಪಲ್ಲಿಗೆ ಒಂದು ಹನಿ ಎಣ್ಣೆ, ಗ್ರೀಸು ಮುಟ್ಟಬಾರದು. ಜೋರಾಗಿ ನುಗ್ಗೋ ಗಾಳಿಯ ಶಾಖಕ್ಕೆ ಅದು ಹೊತ್ತಿಕೊಂಡು ಸ್ಫೋಟ ಆಗಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ಸಿಗೋ ಆಮ್ಲಜನಕ ಇದಕ್ಕೆ ಯಾವತ್ತೂ ಬೇಡ. ಸ್ಕೂಬಾ ದರ್ಜೆಯ ಕಂಪ್ರೆಸರ್, ತೇವ ಹೀರೋ ಫಿಲ್ಟರ್ ಸಮೇತ, ಬೇಕು. ಫಿಲ್ಟರ್ ಬದಲಿಸೋ ಗಂಟೆಗಳ ಲೆಕ್ಕ ಬರೆದಿಡೋರು ಒಬ್ಬರು ಬೇಕು. ಆ ಒಬ್ಬರು ಸಿಗೋವರೆಗೆ, ತೂಗಿದ ಸಿಒ2 ಬಾಟಲಿ ನೆರಳಲ್ಲಿಟ್ಟು ಆಡಿಸೋದೇ ಕ್ಷೇಮ.

ಅಂತರಸನಹಳ್ಳಿ_ಲೇತ್:
ಎಚ್‌ಪಿಎಗೆ ಹೋಗೋದಾದ್ರೆ ಹಳೇ ಕಪ್ ಸೀಲ್, ಹಳೇ ಓ-ರಿಂಗ್ ಎಲ್ಲಾ ಒಟ್ಟಿಗೆ ಬದಲಿಸಿಬಿಡಿ ಸರ್. ಸಿಒ2ನಲ್ಲಿ ಉಬ್ಬಿ ಕೂತಿದ್ದವು ಗಾಳಿಯಲ್ಲಿ ಕುಗ್ಗಿ ಮೊದಲ ವಾರವೇ ಲೀಕ್ ಆಗ್ತವೆ. ವೇಗದ ಸ್ಕ್ರೂವನ್ನೂ ಪ್ರತಿ ಮಾರ್ಕರ್‌ಗೆ ಹೊಸದಾಗಿ, ಹತ್ತು ಹೊಡೆತದ ಲೆಕ್ಕದಲ್ಲಿ, ಕೂರಿಸಬೇಕು. ಕೂರಿಸಿದ ಮೇಲೆ ಆ ಅಲೆನ್ ಕೀಲಿ ಹುಡುಗರ ಕೈಯಿಂದ ತೆಗೆದು ನಿಮ್ಮ ಮೇಜಿನ ಡ್ರಾಯರಲ್ಲಿ ಇಟ್ಕೊಳ್ಳಿ.